ಮೂರರಿಂದ ಎರಡಕ್ಕೆ ಇಳಿಯುವ ವಿದ್ಯೆ

ಬಸ್ಸಿನಲ್ಲಿ ನನ್ನ ಪಕ್ಕ ಕೂರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಸಮನಾದ ರಸ್ತೆಯಲ್ಲಿ ನಾನು ಯಾರ ತಂಟೆಗೂ ಹೋಗದ ಮುದುಕ. ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತೇನೆ, ಎಲೆಯಡಿಕೆ ಕೊಟ್ಟರೆ ಹಾಕಿಕೊಳ್ಳುತ್ತೇನೆ. ಆದರೆ ಇಳಿಜಾರು ಬಂತೆಂದರೆ ನನ್ನ ಎಡಗೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ. ಬಲಗೈ ತೊಡೆಯ ಪಕ್ಕಕ್ಕೆ ಹೋಗಿ, ಅಲ್ಲಿ ಇಲ್ಲದ ಏನನ್ನೋ ಹಿಡಿದು ಎಳೆಯುತ್ತದೆ. ಆಮೇಲೆ ಎಡಗೈ ಮುಷ್ಟಿ ಮೆಲ್ಲಗೆ, ಬಹಳ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಇಷ್ಟೂ ನಡೆಯುವಾಗ ನಾನು ಎಡಗಿವಿಯನ್ನು ಸ್ವಲ್ಪ ಓರೆ ಮಾಡಿಕೊಂಡು ಕೂತಿರುತ್ತೇನಂತೆ. ಇದು ನನ್ನ ಹೆಂಡತಿ ಹೇಳಿದ್ದು.

ಒಮ್ಮೆ ನಾಗಮಂಗಲದ ಬಸ್ಸಿನಲ್ಲಿ ಹೀಗಾದಾಗ ಪಕ್ಕದಲ್ಲಿದ್ದ ಪುಣ್ಯಾತ್ಮರೊಬ್ಬರು ಗಾಬರಿಯಾಗಿ ತಮ್ಮ ಸೊಂಟದಲ್ಲಿದ್ದ ಬೀಗದಕೈ ಗೊಂಚಲನ್ನು ಬಿಚ್ಚಿ ನನ್ನ ಅಂಗೈಗೆ ತುರುಕಿದರು.

"ಕಬ್ಣ ಗಟ್ಟಿಯಾಗಿ ಇಡ್ಕಳಿ ಸ್ವಾಮಿ. ಈಗ ವಾಸಿಯಾಯ್ತದೆ" ಎಂದರು. ಮೂರ್ಛೆರೋಗ ಎಂದುಕೊಂಡಿದ್ದರು.

"ರೋಗ ಅಲ್ಲಪ್ಪ, ಗೇರು" ಎಂದೆ. ಅವರ ಗಾಬರಿ ಇನ್ನಷ್ಟು ಹೆಚ್ಚಿತು. ಬಿಡಿಸಿ ಹೇಳುವುದಕ್ಕೆ ನನಗೂ ಹುರುಪಿರಲಿಲ್ಲ. ಊರು ಬರುವ ತನಕ ಅವರ ಮನೆಯ ಬೀಗದಕೈಗಳನ್ನು ಹಿಡಿದುಕೊಂಡೇ ಕೂತಿದ್ದೆ.

ನಾನು ಈ ಜನ್ಮದಲ್ಲಿ ಮನಸ್ಸಿಟ್ಟು ಕಲಿಯಲು ಹೊರಟ ವಿದ್ಯೆ ಒಂದೇ. ಓಡುತ್ತಿರುವ ಮೋಟಾರು ಸೈಕಲ್ಲನ್ನು ನಿಧಾನ ಮಾಡುವಾಗ ಕುಲುಕದ ಹಾಗೆ ಮೂರನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸುವುದು. ಕಲಿತೆನೋ ಇಲ್ಲವೋ ಎನ್ನುವುದು ಬೇರೆ ಮಾತು. ಆ ಮಾತನ್ನು ಹೇಳುವುದಕ್ಕೇ ಕೂತಿದ್ದೇನೆ. ಆದರೆ ಅಲ್ಲಿಗೆ ಹೋಗಿ ಮುಟ್ಟುವುದಕ್ಕೆ ನನಗೆ ಅಷ್ಟು ಮನಸ್ಸಿಲ್ಲ. ಆದ್ದರಿಂದ ದಾರಿಯಲ್ಲಿ ಅಲ್ಲಲ್ಲಿ ನಿಲ್ಲುತ್ತೇನೆ, ನೀವು ಸಹಿಸಿಕೊಳ್ಳಬೇಕು.

ಉಳಿದ ವಿದ್ಯೆಗಳ ಕಥೆ ಕೇಳಿದರೆ ನಿಮಗೂ ಬೇಸರ ಬಂದೀತು. ಹೇಮಗಿರಿಯಲ್ಲಿ ಹೊಳೆಗೆ ಇಳಿಸಿ ಈಜು ಕಲಿಸಿದರು. ನನ್ನ ಓರಗೆಯವರೆಲ್ಲ ಆಚೆ ದಡ ಮುಟ್ಟಿ ಬರುತ್ತಿದ್ದಾಗ ನಾನು ಬೆಂಡು ಕಟ್ಟಿಕೊಂಡು ನೀರು ಹೋದ ಕಡೆಗೆ ಹೋಗುತ್ತಿದ್ದೆ. ಉಳುಮೆಗೆ ಕಳಿಸಿದರು. ನಾನು ಹೊಡೆದ ಸಾಲು ನೋಡಿ ಆಳುಗಳು ಬಾಯಿಗೆ ವಲ್ಲಿ ಅಡ್ಡ ಹಿಡಿದರು. ಮೈಸೂರಿಗೆ ಓದಲು ಕಳಿಸಿದರು. ಇಂಟರ್‌ಮೀಡಿಯೆಟ್ಟಿನಲ್ಲಿ ಫೇಲಾಗಿ ಟ್ರಂಕು ಹೊತ್ತುಕೊಂಡು ಬಂದೆ. ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ ಅತ್ತೆ ಮೇಲಿಂದ ಕೆಳಗಿನವರೆಗೂ ನೋಡಿದಳು.

"ನೀನು ಯಾವ್ದಾರ ಒಂದು ಕಲಿಯೋದು ನಾ ಸತ್ತ ಮ್ಯಾಲೆ ಕಣ್ಲಾ. ಒಳೀಕ್ ಬಾ, ಉಣ್ಣು" ಎಂದಳು.

ಈ ಅತ್ತೆ ನನ್ನ ಅಪ್ಪನ ಅಕ್ಕ, ಹೆಸರು ದೊಡ್ಡತಾಯಮ್ಮ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಆಮೇಲೆ ಅವಳ ಮಗಳು ಸಾಕಮ್ಮನನ್ನೇ ನನಗೆ ಕೊಟ್ಟದ್ದರಿಂದ ಎರಡು ಕಡೆಯಿಂದಲೂ ಅತ್ತೆಯಾದಳು. ಕೃಷ್ಣರಾಜಪೇಟೆಗೂ ಹೇಮಗಿರಿಗೂ ನಡುವಿನ ನಮ್ಮ ಊರಿನಲ್ಲಿ ಗದ್ದೆ, ಹೊಲ, ಆಳುಕಾಳು ಎಲ್ಲ ನಡೆಯುತ್ತಿದ್ದದ್ದು ಅವಳ ಬಾಯಿಂದ. ಅವಳು ಯಾರನ್ನೂ ಹೊಗಳಿದ್ದನ್ನು ನಾನು ಕೇಳಿರಲಿಲ್ಲ. ಬೈಗುಳ ಕಡಿಮೆಯಾದರೆ ಅದೇ ಮೆಚ್ಚುಗೆ ಎಂದು ಮನೆಯವರೆಲ್ಲ ಅರ್ಥ ಮಾಡಿಕೊಂಡಿದ್ದೆವು. ಊಟಕ್ಕೆ ಕೂತಾಗ ಬೈಯದೆ ಇದ್ದರೆ ಸಾಕಮ್ಮನ ಸಾರು ಆವತ್ತು ಚೆನ್ನಾಗಿದೆ ಎಂದು ಲೆಕ್ಕ.

ಮೋಟಾರು ಸೈಕಲ್ಲು ಮನೆಗೆ ಬಂದದ್ದು ಮಾವನಿಂದ, ಅಂದರೆ ಅತ್ತೆಯ ಗಂಡನಿಂದ. ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿಯುತ್ತ ಬಂದಾಗ ಅಲ್ಲಿ ಕೆಲಸದಲ್ಲಿದ್ದ ಒಬ್ಬ ಬಿಳಿಯ ದೊರೆ ಊರು ಬಿಟ್ಟು ಹೊರಟ. ಅವನ ಹತ್ತಿರ ಮಾವ ಅದನ್ನು ಕೊಂಡುಕೊಂಡ. ಪಾಲಹಳ್ಳಿಯ ಬಯಲಿನಲ್ಲಿ ಬೆಳಗಿನಿಂದ ಮಧ್ಯಾಹ್ನದ ತನಕ ಸುತ್ತು ಹೊಡೆದು, ಪೂರ್ತಿ ಕಲಿತೆ ಎಂದು ತೀರ್ಮಾನಿಸಿ, ರುಮಾಲಿನ ಮೇಲೆ ಒಂದು ವಸ್ತ್ರ ಸುತ್ತಿ ಗಲ್ಲದ ಕೆಳಗೆ ಗಂಟು ಹಾಕಿಕೊಂಡು ಊರಿಗೆ ಬಂದ. ಗಾಡಿಯ ಎಡಗಡೆಗೆ ಇನ್ನೊಂದು ಚಕ್ರದ ಮೇಲೆ ಒಬ್ಬರು ಕಾಲು ಚಾಚಿ ಕೂರುವಂಥ ಪೆಟ್ಟಿಗೆ ಸೇರಿಸಿದ್ದರು. ಊರಿನವರು ಅದನ್ನು ತೊಟ್ಟಿಲು ಎಂದರು. ಅತ್ತೆ ಅದರಲ್ಲಿ ಕೂರಲು ಒಪ್ಪಲಿಲ್ಲ.

"ತೊಟ್ಟಿಲಲ್ಲಿ ಕೂರೋ ವಯಸ್ಸಲ್ಲ ನಂದು" ಎಂದುಬಿಟ್ಟಳು. ಆ ಮಾತು ಆಮೇಲೆ ಎಷ್ಟು ಸಲ ನೆನಪಾಯಿತೋ.

ಮಾವನ ಮೋಟಾರು ವಿದ್ಯೆಯಲ್ಲಿ ಒಂದು ಸಿದ್ಧಾಂತ ಇತ್ತು. ಗೇರು ಇರುವುದು ಏರು ಹತ್ತುವುದಕ್ಕೆ. ಇಳಿಜಾರು ಸಿಕ್ಕಿದರೆ ಗೇರು ಬಿಡಿಸಿ, ಎಂಜಿನ್ನನ್ನು ಸುಮ್ಮನಿರಿಸಿ, ಗಾಡಿಯನ್ನು ತನ್ನ ಪಾಡಿಗೆ ಉರುಳಲು ಬಿಡಬೇಕು. "ಏರು ಅತ್ತಿ ಬಂದದೆ ಕಣ್ಲಾ, ಇಳಿಯೋವಾಗ್ಲಾರ ವಸಿ ಸುಧಾರಿಸ್ಕೊಳ್ಳಿ. ನಾವೂ ಕೆಲ್ಸ ಮುಗುದ್ಮ್ಯಾಲೆ ಎತ್ತಿಗೆ ನೊಗ ಕಳಚಾಕಿಲ್ವಾ?" ಎನ್ನುತ್ತಿದ್ದ. ನಮ್ಮ ಕಡೆ ಮೋಟಾರು ಓಡಿಸುತ್ತಿದ್ದ ಹಲವರ ನಂಬಿಕೆಯೂ ಇದೇ. ಎತ್ತನ್ನು ಕಟ್ಟಿ ಬಾಳಿದವರಿಗೆ ಯಂತ್ರವನ್ನು ಕಂಡರೂ ಒಂದು ಬಗೆಯ ಕರುಣೆ. ಅಲ್ಲದೆ ಪೆಟ್ರೋಲು ಉಳಿಯುತ್ತದೆ ಎನ್ನುವ ಸಮಾಧಾನ ಬೇರೆ.

ಮಾವ ಜ್ವರದಲ್ಲಿ ತೀರಿಕೊಂಡ. ಮೋಟಾರು ಸೈಕಲ್ಲು ಕೊಟ್ಟಿಗೆ ಸೇರಿತು. ಎತ್ತುಗಳ ಪಕ್ಕದಲ್ಲಿ ಅದೂ ಒಂದು ಮುದಿ ಎತ್ತಿನ ಹಾಗೆ ಬಹಳ ದಿನ ನಿಂತಿತ್ತು. ತೊಟ್ಟಿಲಿನಲ್ಲಿ ಕೋಳಿ ಮೊಟ್ಟೆಯಿಟ್ಟು ಕಾವು ಕೂರುತ್ತಿತ್ತು. ಅಂಬೆಗಾಲಿಡುತ್ತಿದ್ದ ನಮ್ಮ ಮಗು ಒಮ್ಮೆ ಅಲ್ಲೇ ಮಲಗಿ, ಮನೆಯವರೆಲ್ಲ ಬಾವಿ ಇಣುಕಿ ಅತ್ತದ್ದೂ ಉಂಟು. ಗಾಡಿಯನ್ನು ಮತ್ತೆ ಓಡಿಸಬೇಕಾಗುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

ಅತ್ತೆಗೆ ಬೆನ್ನು ನೋವು ಶುರುವಾಯಿತು. ಮೊದಲು ಉಳುಕು ಎಂದರು. ತಿಕ್ಕಿಸಿದೆವು, ಶಾಖ ಕೊಟ್ಟೆವು. ಬೆನ್ನಿನ ನಡುವೆ ಒಂದು ಗಂಟು ಎದ್ದಿತು. ಸ್ವಲ್ಪ ದಿನಕ್ಕೆ ಅವಳು ಬಗ್ಗುವುದಕ್ಕಾಗದೆ, ಆಮೇಲೆ ನಡೆಯುವುದಕ್ಕಾಗದೆ ಮಂಚ ಹಿಡಿದಳು. ಕೃಷ್ಣರಾಜಪೇಟೆಯ ಡಾಕ್ಟರು ಮೈಸೂರಿನ ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದರು. ಬಸ್ಸಿನಲ್ಲಿ ಕರೆದುಕೊಂಡು ಹೋದೆವು. ಪ್ರತಿ ಗುಂಡಿಗೂ ಅವಳು ಕೂಗಿಕೊಂಡಳು. ಬಸ್ಸಿನವರೆಲ್ಲ ನಮ್ಮ ಕಡೆಗೆ ತಿರುಗಿ, ಆಮೇಲೆ ತಿರುಗದೆ, ಕೊನೆಗೆ ತಲೆ ತಗ್ಗಿಸಿಕೊಂಡು ಕೂತರು. ಆಸ್ಪತ್ರೆಯ ಡಾಕ್ಟರು ನೋಡಿ, ಬೆನ್ನುಮೂಳೆಗೆ ಕ್ಷಯ ಹಿಡಿದಿದೆ, ಮೂಳೆ ಸವೆಯುತ್ತಿದೆ ಎಂದರು. ಎದೆಯಿಂದ ಸೊಂಟದವರೆಗೆ ಗಚ್ಚಿನ ಪಟ್ಟಿ ಸುತ್ತಿ ಒಂದು ಗಟ್ಟಿ ಅಂಗಿ ಮಾಡಿದರು. ತಿಂಗಳು ತಿಂಗಳಿಗೂ ಕರೆತರಬೇಕು, ಅದನ್ನು ಬಿಚ್ಚಿ ನೋಡಿ ಬೇರೆ ಕಟ್ಟಬೇಕು ಎಂದು ಹೇಳಿದರು.

"ನನ್ನ ಗೋಡೆ ಮಾಡ್ಬುಟ್ಟ ನಿನ್ನ ಡಾಕ್ಟ್ರು. ಇನ್ನು ಸುಣ್ಣ ಬಳೀರಿ" ಎಂದಳು ಅತ್ತೆ.

ಮತ್ತೆ ಬಸ್ಸು ಎಂದರೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ರೈಲು ಹತ್ತಬೇಕೆಂದರೂ ಹಿರೋಡೆಯ ಸ್ಟೇಷನ್ನಿನ ತನಕ, ಈಗ ನೀವು ಪಾಂಡವಪುರ ಎನ್ನುತ್ತೀರಲ್ಲ ಅಲ್ಲಿಯ ತನಕ, ಎತ್ತಿನ ಗಾಡಿಯಲ್ಲಿ ಕುಲುಕಬೇಕು. ಆಗ ಸಾಕಮ್ಮನಿಗೆ ತೊಟ್ಟಿಲು ನೆನಪಾಯಿತು. ಕೋಳಿಯನ್ನು ಎಬ್ಬಿಸಿ ಓಡಿಸಿದಳು. ಪೆಟ್ಟಿಗೆಯ ತಳಕ್ಕೆ ದಪ್ಪಗೆ ನೆಲ್ಲುಹುಲ್ಲು ಹಾಸಿ, ಮೇಲೆ ಕಂಬಳಿ, ಅದರ ಮೇಲೆ ಹತ್ತಿಯ ದಿಂಬು ಹಾಕಿದಳು. ಪೇಟೆಯಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿ ಎಂಜಿನ್ನು ಚಾಲೂ ಮಾಡಿಸಿದೆವು. ಮಾವ ಓಡಿಸುವಾಗ ಹಿಂದೆ ಕೂತು ನೋಡಿದ್ದಷ್ಟೇ ನನ್ನ ವಿದ್ಯೆ. ಆಳುಗಳು ಅತ್ತೆಯನ್ನು ಎತ್ತಿ ತೊಟ್ಟಿಲಲ್ಲಿ ಇಟ್ಟರು.

ಮಾವನ ಸಿದ್ಧಾಂತ ನನ್ನ ತಲೆಯಲ್ಲಿ ಭದ್ರವಾಗಿ ಕೂತಿತ್ತು. ಚಿನಕುರಳಿ, ಹಿರೋಡೆ, ಹೇಗೋ ದಾಟಿದೆವು. ಕಿರಂಗೂರಿನ ಆಚೆ, ಶ್ರೀರಂಗಪಟ್ಟಣದ ಹೊಳೆಯ ಸೇತುವೆಗೆ ರಸ್ತೆ ಇಳಿಯುತ್ತದಲ್ಲ, ಅಲ್ಲಿ ಗೇರು ಬಿಡಿಸಿ ಗಾಡಿಯನ್ನು ಉರುಳಲು ಬಿಟ್ಟೆ. ತೊಟ್ಟಿಲಿನ ಭಾರ, ಅತ್ತೆಯ ಭಾರ, ಅವಳ ಗಚ್ಚಿನ ಅಂಗಿಯ ಭಾರ ಎಲ್ಲ ಸೇರಿ ಗಾಡಿ ಓಡಿತು. ಬ್ರೇಕು ತುಳಿದೆ. ಬ್ರೇಕಿಗೂ ವಯಸ್ಸಾಗಿತ್ತು. ಎದುರಿಗೆ ಸೇತುವೆಯ ಬಾಯಲ್ಲಿ ಹುಲ್ಲು ತುಂಬಿದ ಗಾಡಿಯೊಂದು ಅಡ್ಡ ತಿರುಗುತ್ತಿತ್ತು. ಬೇರೆ ದಾರಿ ತೋಚದೆ ಬಲಗೈಯಲ್ಲಿ ಗೇರಿನ ಹಿಡಿ ಎಳೆದು ಎರಡಕ್ಕೆ ಹಾಕಿ ಕ್ಲಚ್ಚನ್ನು ಫಕ್ಕನೆ ಬಿಟ್ಟೆ. ಯಾರೋ ಹಿಂದಿನಿಂದ ಗಾಡಿಯ ಜುಟ್ಟು ಹಿಡಿದು ಎಳೆದ ಹಾಗಾಯಿತು. ಅತ್ತೆ ಮುಂದಕ್ಕೆ ಹೋಗಿ ಬಡಿದಳು. ಗಾಡಿ ಹುಲ್ಲಿಗೆ ಮೆತ್ತಗೆ ತಗುಲಿ ನಿಂತಿತು, ಆದರೆ ಅವಳು ಕೂಗಿದ ಕೂಗಿಗೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಮೇಲೆ ಹತ್ತಿ ಬಂದರು.

ಅವಳ ಉಸಿರು ಹದಕ್ಕೆ ಬರುವ ತನಕ ರಸ್ತೆಯ ಪಕ್ಕದಲ್ಲಿ ನಿಂತಿದ್ದೆವು. ಆಗ ಇನ್ನೊಂದು ಹುಲ್ಲಿನ ಗಾಡಿ ಅದೇ ಇಳಿಜಾರಿನಲ್ಲಿ ಬಂತು. ಎತ್ತುಗಳು ಕತ್ತು ಹಿಂದಕ್ಕೆ ಚೆಲ್ಲಿ, ನೊಗವನ್ನು ಕೊಂಬಿನ ಬುಡಕ್ಕೆ ಕೊಟ್ಟುಕೊಂಡು, ಗೊರಸನ್ನು ನೆಲಕ್ಕೆ ಊರಿ ಊರಿ, ಅಷ್ಟು ಭಾರವನ್ನು ಹಿಡಿದುಕೊಂಡು ಇಳಿಯುತ್ತಿದ್ದವು. ಹುಟ್ಟಿದಾಗಿನಿಂದ ನೋಡುತ್ತಿದ್ದ ನೋಟ. ಇಳಿಜಾರಿನಲ್ಲಿ ನೊಗ ಕಳಚಿದ ಒಕ್ಕಲಿಗ ಈ ಲೋಕದಲ್ಲಿ ಎಲ್ಲಾದರೂ ಇದ್ದಾನೆಯೇ? ಎತ್ತಿಗೆ ನಿಜವಾದ ಕೆಲಸ ಇಳಿಯುವಾಗಲೇ. ಪಾಪ, ಮಾವ ಅಷ್ಟು ಗದ್ದೆ ಮಾಡಿಸಿದವನು, ಗಾಡಿ ಮಾತ್ರ ಯಾವತ್ತೂ ಆಳುಗಳೇ ಹೊಡೆದದ್ದು. ಎಂಜಿನ್ನನ್ನು ಗೇರಿನಲ್ಲಿ ಕಟ್ಟಿಕೊಂಡೇ ಇಳಿಯಬೇಕು, ಅದು ಚಕ್ರವನ್ನು ಹಿಡಿದುಕೊಳ್ಳುತ್ತದೆ ಎಂದು ಅಲ್ಲಿ ನಿಂತಾಗ ನನಗೆ ಹೊಳೆಯಿತು. ಹೊಳೆದದ್ದನ್ನು ಕೈಗೆ ಕಲಿಸುವುದೇ ಕಷ್ಟವಾದದ್ದು.

ಈಗಿನ ಹುಡುಗರು ಕಾಲಿನಲ್ಲಿ ಟಕ್ಕೆಂದು ಒತ್ತಿ ಗೇರು ಬದಲಾಯಿಸುತ್ತಾರೆ. ಆಗ ಹಾಗಲ್ಲ. ಗೇರಿನ ಹಿಡಿ ಪೆಟ್ರೋಲು ಟ್ಯಾಂಕಿನ ಬಲಪಕ್ಕದಲ್ಲಿ ಇರುತ್ತಿತ್ತು. ಎಂಜಿನ್ನಿನ ವೇಗ ಹೆಚ್ಚು ಕಡಿಮೆ ಮಾಡುವುದಕ್ಕೆ ಬಲಗೈಯ ಹತ್ತಿರವೇ ಒಂದು ಸಣ್ಣ ಕಡ್ಡಿ, ಅದನ್ನು ನಾವು ಎಣ್ಣೆಕಡ್ಡಿ ಎನ್ನುತ್ತಿದ್ದೆವು. ಬಲಗೈ ಒಂದೇ, ಕೆಲಸ ಎರಡು. ಕ್ಲಚ್ಚು ಎಡಗೈಯಲ್ಲಿ. ಮೂರರಲ್ಲಿ ಓಡುವಾಗ ಎಂಜಿನ್ನು ನಿಧಾನವಾಗಿ ತಿರುಗಿದರೂ ಸಾಕು, ಅದೇ ಓಟಕ್ಕೆ ಎರಡರಲ್ಲಿ ಅದು ಜೋರಾಗಿ ತಿರುಗಬೇಕು. ತೂಕಡಿಸುತ್ತಿರುವ ಎಂಜಿನ್ನನ್ನು ಓಡುತ್ತಿರುವ ಚಕ್ರಕ್ಕೆ ತಂದು ಕಟ್ಟಿದರೆ ಚಕ್ರ ಮುಗ್ಗರಿಸುತ್ತದೆ. ಆ ಮುಗ್ಗರಿಕೆಯೇ ಅತ್ತೆಯ ಬೆನ್ನಿಗೆ ಬಂದು ಬೀಳುತ್ತಿದ್ದ ಏಟು.

ಹಾಗಾಗಬಾರದು ಎಂದರೆ ಕ್ಲಚ್ಚು ಹಿಡಿದಿರುವ ಆ ಚೂರು ಹೊತ್ತಿನಲ್ಲಿ ಎಣ್ಣೆಕಡ್ಡಿ ತಳ್ಳಿ ಎಂಜಿನ್ನಿನ ವೇಗ ಹೆಚ್ಚಿಸಬೇಕು. ಗಾಡಿ ನಿಧಾನ ಮಾಡಬೇಕಾದರೆ ಎಂಜಿನ್ನು ಜೋರು ಮಾಡಬೇಕು. ಇದು ನನ್ನ ಬುದ್ಧಿಗೆ ಒಪ್ಪಿದರೂ ಕೈಗೆ ಒಪ್ಪಲಿಲ್ಲ. ಎದುರಿಗೆ ಎಮ್ಮೆಯೋ ಗಾಡಿಯೋ ಕಂಡರೆ ಬಲಗೈ ಹೆದರಿ ಕಡ್ಡಿಯನ್ನು ಹಿಂದಕ್ಕೇ ಎಳೆಯುತ್ತಿತ್ತು. ಎಷ್ಟು ಸಲ ಕಡ್ಡಿ ತಳ್ಳಿದೆನೋ, ಅಷ್ಟೂ ಸಲ ಹೆಚ್ಚಾಯಿತು. ಸರಿಯಾಗಿ ತಳ್ಳಿದಾಗೆಲ್ಲ ಕ್ಲಚ್ಚನ್ನು ತಡವಾಗಿ ಬಿಟ್ಟೆ. ಬುದ್ಧಿಯಿಲ್ಲದವನು ಕಲಿಯದಿದ್ದರೆ ಅವನಿಗೆ ದುಃಖವಿಲ್ಲ. ಎಲ್ಲವೂ ತಿಳಿದು ಕೈಯಲ್ಲಿ ಬಾರದವನ ಪಾಡು ಯಾರಿಗೂ ಬೇಡ.

ಮನೆಯವರ ಬೆನ್ನ ಮೇಲೆ ಕಲಿಯುವುದು ಬೇಡವೆಂದು ತೊಟ್ಟಿಲಲ್ಲಿ ಅತ್ತೆಯ ಬದಲು ನೀರಿನ ಕೊಡ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಸಾಕಮ್ಮ ಕಂಠದ ತನಕ ತುಂಬಿ, ಸಿಂಬಿಯ ಮೇಲೆ ಕೂರಿಸಿ, ಸುತ್ತಲೂ ಹುಲ್ಲು ತುರುಕಿ ಕೊಡುತ್ತಿದ್ದಳು. ಹೇಮಗಿರಿಯ ದಾರಿಯಲ್ಲಿ ಹೋಗುವುದು, ಹೊಳೆಗೆ ಇಳಿಯುವಲ್ಲಿ ಗೇರು ಇಳಿಸುವುದು, ನಿಲ್ಲಿಸಿ ಕೊಡ ನೋಡುವುದು. ನೀರು ಯಾವಾಗಲೂ ತುಳುಕಿರುತ್ತಿತ್ತು. ರಸ್ತೆಯ ಗುಂಡಿಗೆ ತುಳುಕಿದ್ದೆಷ್ಟು, ನನ್ನ ಕೈಗೆ ತುಳುಕಿದ್ದೆಷ್ಟು ಎಂದು ಹೇಳುವವರು ಯಾರು? ದಿನಾ ಒದ್ದೆ ಹುಲ್ಲು ಹೊತ್ತು ಮನೆಗೆ ಬರುವ ನನ್ನನ್ನು ಅತ್ತೆ ಮಂಚದಿಂದ ನೋಡುತ್ತಿದ್ದಳು.

"ಕೊಡ ಏನಾರ ಮಾತಾಡ್ತದೇನ್ಲಾ?" ಎಂದಳು ಒಂದು ದಿನ.

"ಇಲ್ಲತ್ತೆ."

"ನಾನು ಮಾತಾಡ್ತೀನಿ. ಎಂಗಿದ್ರೂ ತಿಂಗ್ಳು ತಿಂಗ್ಳೂ ಓಗ್ಬೇಕು. ನನ್ನೇ ಕೂರಿಸ್ಕೊಂಡು ಕಲ್ತ್ಕೊ. ಯಾವ್ದು ಗುಂಡಿ, ಯಾವ್ದು ನಿನ್ನ ಕೈ ಅಂತ ನನ್ನ ಬೆನ್ನಿಗೆ ಗೊತ್ತಾಯ್ತದೆ."

ಹೀಗೆ ನಮ್ಮಿಬ್ಬರ ಪಾಠ ಶುರುವಾಯಿತು. ಗುಂಡಿಗೆ ಅವಳು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳು, ಅದು ನನ್ನ ತಪ್ಪಲ್ಲ ಎಂದು. ನಾನು ಗೇರು ಇಳಿಸಿದಾಗ ಮಾತ್ರ ಬಾಯಿ ಬಿಡುತ್ತಿದ್ದಳು. ಅದಕ್ಕೊಂದು ಅಳತೆಯೂ ತಾನಾಗಿ ಬಂತು. ಪೂರ್ತಿ ಕೆಟ್ಟರೆ "ನಿನ್ ಮನೆ ಕಾಯೋಗ, ಮೆಲ್ಲಗೆ ಕಣ್ಲಾ." ಅದಕ್ಕಿಂತ ಸ್ವಲ್ಪ ವಾಸಿಯಾದರೆ "ಲೋ ಪುಟ್ಸಾಮಿ." ಇನ್ನೂ ವಾಸಿಯಾದರೆ ಬರೀ "ಲೋ." ಬಹಳ ಚೆನ್ನಾಗಿ ಆದರೆ ಹಲ್ಲಿನ ಸಂದಿಯಲ್ಲಿ "ಸ್" ಎಂದು ಒಂದು ಉಸಿರು. ನೋವು ಬೆನ್ನಿನಿಂದ ಹೊರಟು ಎರಡು ಕಾಲಿಗೂ ಸಿಡಿಲಿನ ಹಾಗೆ ಇಳಿಯುತ್ತದೆ ಎಂದು ಹೇಳುತ್ತಿದ್ದಳು. ನನ್ನ ಎಡಗೈ ಕ್ಲಚ್ಚನ್ನು ಬಿಟ್ಟು ಮುಗಿಸುವ ಮೊದಲೇ ಅವಳ ಬೈಗುಳ ನನ್ನ ಕಿವಿಗೆ ಬಿದ್ದಿರುತ್ತಿತ್ತು. ಪಾಠ ಹೇಳುವವರಲ್ಲಿ ಇಷ್ಟು ಚುರುಕಾದವರನ್ನು ನಾನು ಮೈಸೂರಿನಲ್ಲೂ ಕಂಡಿರಲಿಲ್ಲ.

ಮೊದಲ ತಿಂಗಳುಗಳಲ್ಲಿ ನಮ್ಮ ಊರಿನಿಂದ ಮೈಸೂರಿನ ತನಕ ನನ್ನ ಮನೆ ಎಷ್ಟು ಸಲ ಕಾಯಿತೋ ದೇವರೇ ಬಲ್ಲ. ರಸ್ತೆ ಪಕ್ಕದ ಹೊಲದಲ್ಲಿ ಕೆಲಸ ಮಾಡುವವರು ಮೋಟಾರಿನ ಸದ್ದಿಗೆ ತಲೆಯೆತ್ತಿ, ಅದರ ಜೊತೆಗೆ ಬರುವ ಅತ್ತೆಯ ಬೈಗುಳಕ್ಕೆ ನಿಂತು ಕೇಳುತ್ತಿದ್ದರು. ಕ್ಯಾತನಹಳ್ಳಿಯ ನೆಂಟರೊಬ್ಬರು ನಮ್ಮನ್ನು ಹಿರೋಡೆಯಲ್ಲಿ ಕಂಡು, "ಏನ್ ಪುಟ್ಸಾಮಿ, ನಿಮ್ಮತ್ತೆ ಬೈದ್ರೇನೇ ಓಡದಾ ನಿನ್ನ ಗಾಡಿ?" ಎಂದು ಕೇಳಿದರು. ನಗು ಬರಲಿಲ್ಲ. ಹೋಗಿ ಬಂದ ರಾತ್ರಿಯೆಲ್ಲ ಅವಳು ನರಳುವುದನ್ನು ಗೋಡೆಯ ಆಚೆಯಿಂದ ಕೇಳುತ್ತ ನಾನು ಎಚ್ಚರವಾಗಿರುತ್ತಿದ್ದೆ. ಕ್ಷಯ ಅವಳನ್ನು ಎಷ್ಟು ತಿನ್ನುತ್ತಿದೆ, ನಾನು ಎಷ್ಟು ತಿನ್ನುತ್ತಿದ್ದೇನೆ ಎಂದು ಕೇಳಿಕೊಳ್ಳುತ್ತಿದ್ದೆ. ಬೇರೆ ಯಾರಾದರೂ ಓಡಿಸಲಿ ಎಂದೆ. ಅತ್ತೆ ಒಪ್ಪಲಿಲ್ಲ.

"ಬೈಯಾಕೆ ನಂಗೆ ಬೇರೆ ಯಾರವ್ರೆ?" ಎಂದಳು.

ಮಳೆಗಾಲ ಕಳೆಯುತ್ತ ಬಂದಾಗ ಒಂದು ಸಲ, ಸೇತುವೆಯ ಅದೇ ಇಳಿಜಾರಿನಲ್ಲಿ, "ಲೋ" ಎಂದಷ್ಟೇ ಬಂತು. ಮುಂದಿನ ತಿಂಗಳು ಮೂರರಿಂದ ಎರಡಕ್ಕೆ ಇಳಿದಾಗ "ಸ್". ಬಲಗೈ ಕೊನೆಗೂ ನನ್ನ ಮಾತು ಕೇಳುತ್ತಿತ್ತು. ಕಡ್ಡಿಯನ್ನು ಒಂದು ಕೂದಲೆಳೆಯಷ್ಟು ತಳ್ಳಿ, ಹಿಡಿಯನ್ನು ಹಿಂದಕ್ಕೆ ತಂದು, ಎಂಜಿನ್ನಿನ ದನಿ ಮೇಲಕ್ಕೇರುವುದನ್ನು ಕಿವಿಯಲ್ಲಿ ಹಿಡಿದು, ಅದು ಚಕ್ರಕ್ಕೆ ಸಮನಾಯಿತು ಅನ್ನಿಸಿದಾಗ ಕ್ಲಚ್ಚನ್ನು ಮೆಲ್ಲಗೆ ಬಿಡುವುದು. ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಗೇರು ಕೂರುತ್ತಿತ್ತು. ಕೂತಿತು ಎಂದು ನನಗೆ ಅನ್ನಿಸುತ್ತಿತ್ತು.

ಅದರ ಮುಂದಿನ ಸಲ ಏನೂ ಕೇಳಿಸಲಿಲ್ಲ. ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ. ನನಗೆ ನಂಬಿಕೆಯಾಗದೆ ಬೇಕಿಲ್ಲದ ಕಡೆಯಲ್ಲೂ ಗೇರು ಇಳಿಸಿ ನೋಡಿದೆ. ಎಡಗಡೆ ಸದ್ದಿಲ್ಲ. ಆವತ್ತು ಮನೆಗೆ ಬಂದವನು ಕಂಬ ಹಿಡಿದುಕೊಂಡು ಸುಮ್ಮನೆ ನಗುತ್ತ ನಿಂತಿದ್ದೆನಂತೆ. ಇಂಟರ್‌ಮೀಡಿಯೆಟ್ಟು ಪಾಸಾದವರು ಹೀಗೆ ನಗುತ್ತಾರೇನೋ, ನನಗೆ ಗೊತ್ತಿಲ್ಲ.

ಆ ದಿನಗಳಲ್ಲೇ ಒಮ್ಮೆ ಸಾಕಮ್ಮ ಅವ್ವನ ಕಾಲು ತೊಳೆಯಲು ನೀರು ತಂದಿದ್ದಳು. ಒಲೆಯಿಂದ ಇಳಿಸಿದ್ದಕ್ಕೆ ತಣ್ಣೀರು ಬೆರೆಸುವುದು ಮರೆತಿತ್ತು. ಸುರಿದ ಮೇಲೆ ತನ್ನ ಕೈಗೇ ಸುಟ್ಟು ಸಾಕಮ್ಮ ಚೀರಿದಳು. ಅತ್ತೆಯ ಪಾದದ ಮೇಲೆ ಬೊಬ್ಬೆ ಎದ್ದಿತ್ತು. "ಬುಡು, ಮುದುಕಿ ಚರ್ಮ, ದಪ್ಪ ಆಗೋಗದೆ" ಎಂದಳು ಅತ್ತೆ, ಬೈಯಲಿಲ್ಲ. ನಾವು ಬೊಬ್ಬೆಗೆ ಬೆಣ್ಣೆ ಸವರಿ ಸುಮ್ಮನಾದೆವು.

ಮತ್ತೆ ಮೈಸೂರಿಗೆ ಹೊರಟೆವು. ಮಂಜು ಕರಗಿ ಬಿಸಿಲು ಬಂದಿತ್ತು. ಸೇತುವೆಯ ಇಳಿಜಾರಿನ ತುಂಬ ಗಾಡಿಗಳು. ಮೂರರಿಂದ ಎರಡಕ್ಕೆ ಇಳಿದೆ, ಎರಡರಿಂದ ಒಂದಕ್ಕೆ ಇಳಿದೆ. ಎಡಗಡೆ ತಿರುಗಿ ನೋಡಿದೆ. ಅತ್ತೆ ಹೊಳೆಯನ್ನು ನೋಡುತ್ತಿದ್ದಳು. ನನ್ನ ಕಡೆ ತಿರುಗದೆಯೇ ಹೇಳಿದಳು.

"ಚೆಂದಾಗಿ ಓಡಿಸ್ತೀಯೆ ಕಣ್ಲಾ ಈಗ."

ಅವಳ ಬಾಯಿಂದ ಅಂಥ ಮಾತು ಬಂದಾಗಲೇ ನನಗೆ ಹೆದರಿಕೆಯಾಗಬೇಕಿತ್ತು. ಹಿಗ್ಗಿನಲ್ಲಿ ಏನೂ ತೋಚಲಿಲ್ಲ. ಆಸ್ಪತ್ರೆ ಮುಟ್ಟಿದವನು, ಡಾಕ್ಟರು ಕೇಳದೆಯೇ, ದಾರಿಯಲ್ಲಿ ಈಗ ಅತ್ತೆಗೆ ಒಂದು ಚೂರೂ ನೋವಾಗುವುದಿಲ್ಲ, ಗೇರು ಅಷ್ಟು ಮೆತ್ತಗೆ ಹಾಕುತ್ತೇನೆ ಎಂದು ಹೇಳಿಕೊಂಡೆ.

ಡಾಕ್ಟರು ನನ್ನ ಮಾತು ಕೇಳಿ ಅತ್ತೆಯ ಕಾಲಿನ ಕಡೆಗೆ ತಿರುಗಿದರು. ಆಮೇಲೆ ಕೋಟಿನ ಕಾಲರಿನಿಂದ ಒಂದು ಗುಂಡುಸೂಜಿ ತೆಗೆದರು.

"ಅಮ್ಮ, ಕಣ್ಣು ಮುಚ್ಚಿಕೊಳ್ಳಿ. ಚುಚ್ಚಿದಾಗ ಹೇಳಿ."

ಅಂಗಾಲಿಗೆ ಚುಚ್ಚಿದರು. ಬೊಬ್ಬೆ ಒಣಗುತ್ತಿದ್ದ ಪಾದಕ್ಕೆ ಚುಚ್ಚಿದರು. ಮೀನಖಂಡಕ್ಕೆ, ಮಂಡಿಗೆ, ತೊಡೆಗೆ ಚುಚ್ಚಿದರು. ಅತ್ತೆ ಕಣ್ಣು ಮುಚ್ಚಿಕೊಂಡು ಸುಮ್ಮನೆ ಮಲಗಿದ್ದಳು. ಸೂಜಿ ಹೊಕ್ಕಲ್ಲಿ ಒಂದೊಂದು ಹನಿ ರಕ್ತ ಮೂಡಿತ್ತು. ಗಚ್ಚಿನ ಅಂಗಿಯ ಅಂಚಿನ ಹತ್ತಿರ ಬಂದಾಗ "ಊಂ" ಎಂದಳು.

"ಎಷ್ಟು ದಿನದಿಂದ ಹೀಗೆ?" ಎಂದರು ಡಾಕ್ಟರು.

"ರಾಗಿ ಕುಯ್ಲಿಗೆ ಮುಂಚಿಂದ್ಲೂ ಇಂಗೇಯ."

"ಯಾಕಮ್ಮ ಹೇಳಲಿಲ್ಲ?"

ಅತ್ತೆ ಕಣ್ಣು ತೆರೆದು ನನ್ನ ಕಡೆ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿದಳು.

"ಇವ ಈಗ್ತಾನೆ ವಸಿ ಕಲ್ತಿದ್ದ, ಸ್ವಾಮಿ" ಎಂದಳು.

ರೋಗ ಬೆನ್ನುಹುರಿಗೆ ಇಳಿದಿದೆ, ನೋವು ತಿಳಿಸುವ ನರಗಳೇ ಸತ್ತಿವೆ, ಮೊದಲೇ ತಿಳಿದಿದ್ದರೂ ಮಾಡುವುದಕ್ಕೆ ಹೆಚ್ಚೇನೂ ಇರಲಿಲ್ಲ ಎಂದು ಡಾಕ್ಟರು ಹೊರಗೆ ಕರೆದು ಹೇಳಿದರು. ಇನ್ನು ಮೇಲೆ ಅಷ್ಟು ದೂರದಿಂದ ಕರೆತರುವುದು ಬೇಡ, ಮನೆಯಲ್ಲೇ ನೋಡಿಕೊಳ್ಳಿ ಎಂದರು. "ದಾರಿಯಲ್ಲಿ ಆಕೆಗೆ ಹಿಂಸೆಯಾಗುವುದಿಲ್ಲ, ಚಿಂತೆ ಮಾಡಬೇಡಿ" ಎಂದೂ ಸೇರಿಸಿದರು. ಒಳ್ಳೆಯ ಮನುಷ್ಯ. ಸಮಾಧಾನಕ್ಕೆಂದು ಹೇಳಿದ ಮಾತು ಅದು.

ಹೊರಡುವ ಮೊದಲು ತೊಟ್ಟಿಲಿನ ಹುಲ್ಲನ್ನು ಸರಿಪಡಿಸಿದೆ. ಯಾಕೆ ಸರಿಪಡಿಸಿದೆನೋ. ಶ್ರೀರಂಗಪಟ್ಟಣ ದಾಟಿದೆವು, ಹಿರೋಡೆ ದಾಟಿದೆವು. ನನ್ನ ಕೈ ಮಾಡುತ್ತಿದ್ದದ್ದು ಸರಿಯೋ ತಪ್ಪೋ ಹೇಳುವವರು ಇನ್ನು ಈ ಲೋಕದಲ್ಲಿ ಯಾರೂ ಇರಲಿಲ್ಲ. ಆ "ಲೋ", ಆ "ಸ್", ಯಾವುದು ನನ್ನ ಕೈ ಕಲಿತದ್ದಕ್ಕೆ ಬಂದದ್ದು, ಯಾವುದು ಅವಳ ಕಾಲು ಸಾಯುತ್ತಿದ್ದದ್ದಕ್ಕೆ ಬಂದದ್ದು? ಅದನ್ನೇ ಯೋಚಿಸುತ್ತಿದ್ದೆ. ಇಂದಿಗೂ ನನಗೆ ತಿಳಿದಿಲ್ಲ.

ಚಿನಕುರಳಿಗೆ ಮುಂಚೆ ರಸ್ತೆ ನಾಲೆಗೆ ಇಳಿಯುತ್ತದೆ. ಅಲ್ಲಿ ಮೂರರಿಂದ ಎರಡಕ್ಕೆ ಇಳಿಸಬೇಕು. ಕಣ್ಣು ಮಂಜಾಗಿತ್ತು. ಎಣ್ಣೆಕಡ್ಡಿ ಮರೆತೇಹೋಯಿತು. ಗೇರಿನ ಹಲ್ಲು ಕರಕರ ಕಡಿಯಿತು, ಕ್ಲಚ್ಚು ಫಕ್ಕನೆ ಬಿಟ್ಟುಕೊಂಡಿತು, ಮೊದಲನೆಯ ದಿನದ ಹಾಗೆಯೇ ಗಾಡಿ ಜಗ್ಗಿ ಮುಗ್ಗರಿಸಿತು. ಅತ್ತೆಯ ತಲೆ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು. ನಾನು ಕಾದೆ. ಎಂಜಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ನಾಲೆ ದಾಟಿದೆವು. ಆಚೆಯ ಏರು ಶುರುವಾಯಿತು. ಆಗ ಎಡಗಡೆಯಿಂದ ದನಿ ಬಂತು.

"ನಿನ್ ಮನೆ ಕಾಯೋಗ, ಮೆಲ್ಲಗೆ ಕಣ್ಲಾ."

ನೋವಿನ ಕೂಗಿಗೆ ಯೋಚನೆ ಬೇಕಾಗುವುದಿಲ್ಲ. ಇದು ಯೋಚಿಸಿ ಬಂದ ಮಾತು. ನನ್ನ ಭುಜ ನೋಡಿ, ನನ್ನ ಮುಖ ನೋಡಿ, ಸ್ವಲ್ಪ ತಡೆದು, ನನಗೆಂದು ಕೊಟ್ಟ ಮಾತು.

"ಆಯ್ತತ್ತೆ, ಮೆಲ್ಲಗೆ ಓಗ್ತೀನಿ" ಎಂದೆ.

ಅಲ್ಲಿಂದ ಊರಿನ ತನಕ ಅವಳು ಒಂದು ಗೇರನ್ನೂ ಸುಮ್ಮನೆ ಬಿಡಲಿಲ್ಲ. ಸದ್ದು ಕೇಳಿ ಅಂದಾಜು ಮಾಡಿ, ಹಲ್ಲು ಕಡಿದರೆ ಮನೆ ಕಾಯಿಸಿದಳು, ಸ್ವಲ್ಪ ವಾಸಿಯಾದರೆ "ಲೋ" ಎಂದಳು, ಕೊನೆಗೆ ನಮ್ಮ ಮನೆಯ ತಿರುವಿನಲ್ಲಿ, ಗಾಡಿ ನಿಲ್ಲುವ ಮುಂಚೆ, "ಸ್" ಎಂದಳು. ಎಲ್ಲವೂ ಒಂದು ಉಸಿರು ತಡವಾಗಿ. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೇಸಗೆ ಕಳೆಯುವ ಮೊದಲೇ ಅತ್ತೆ ಹೋದಳು. ತೊಟ್ಟಿಲು ಮತ್ತೆ ಕೋಳಿಗೆ ಹೋಯಿತು.

ಬಸ್ಸಿನಲ್ಲಿ ಇಳಿಜಾರು ಮುಗಿದು, ನನ್ನ ಮುಷ್ಟಿ ಪೂರ್ತಿ ಬಿಚ್ಚಿಕೊಂಡ ಮೇಲೂ ನಾನು ಎಡಗಿವಿಯನ್ನು ಓರೆ ಮಾಡಿಕೊಂಡೇ ಸ್ವಲ್ಪ ಹೊತ್ತು ಕೂತಿರುತ್ತೇನೆ. ಆಗ ದಯವಿಟ್ಟು ನನ್ನನ್ನು ಮಾತಾಡಿಸಬೇಡಿ, ಬೀಗದಕೈಯನ್ನೂ ಕೊಡಬೇಡಿ. ಆ ದನಿ ತಡವಾಗಿ ಬರುತ್ತದೆ.